ಕೋರ್ಟಿನ ಕಡೆ ಕೈ ತೋರಿಸಬೇಡಿ: ನಮ್ಮ 17 ಶಾಸಕರಿಗೆ ಒಂದು ಬಹಿರಂಗ ಪತ್ರ

ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಮಾನ್ಯ ಶಾಸಕರೇ,

ಕೊಪ್ಪಳದಿಂದ 5, ರಾಯಚೂರಿನಿಂದ 7, ಬಳ್ಳಾರಿಯಿಂದ 5, ಒಟ್ಟು 17 ಮಂದಿ ನೀವು. ಪಕ್ಷ ಯಾವುದಾದರೂ ಇರಲಿ, ಈ ಪತ್ರಕ್ಕೆ ಅದು ಲೆಕ್ಕಕ್ಕಿಲ್ಲ. ನಾನು ಕುಷ್ಟಗಿ ಸೀಮೆಯ ಒಬ್ಬ ಪತ್ರ ಬರಹಗಾರ. ಪತ್ರಿಕೆಗೆ ಬರೆಯುವವನಲ್ಲ. ಖರೀದಿ ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರ, ಹಕ್ಕು ಬಿಡುಗಡೆ, ವಿಲ್, ಅಫಿಡವಿಟ್ಟು ಬರೆದು ಹೊಟ್ಟೆ ಹೊರೆಯುವವನು. 1994ರಲ್ಲಿ ಬೇವಿನ ಮರದ ಕೆಳಗೆ ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಕೂತೆ. ಆಗ ನಿಬ್ಬು, ಮಸಿ. ಆಮೇಲೆ ಟೈಪ್‌ರೈಟರು ಬಂತು, ಈಗ ನೋಂದಣಿಗೆ ಕಾವೇರಿ 2.0 ತಂತ್ರಾಂಶ, ಸರ್ವರ್ ಡೌನ್. ಬದಲಾಗದ್ದು ಒಂದೇ: ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಒಂದು ಕಾನೂನು ಹುಟ್ಟಿದರೆ, ಅದು ಜನರ ಬಾಳಿಗೆ ಬಂದು ತಾಗುವುದು ಇಂಥ ಮೇಜುಗಳ ಮೇಲೆ.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆಗಿನ ಒಬ್ಬ ಜನಪ್ರತಿನಿಧಿಯ ಪಕ್ಕದ ಎಲೆಗೆ ಕೂತಿದ್ದೆ. (ಈಗಿನ 17 ಜನರಲ್ಲಿ ಅವರಿಲ್ಲ. ಯಾರೂ ಹೆಗಲು ಮುಟ್ಟಿ ನೋಡಿಕೊಳ್ಳುವುದು ಬೇಡ.) ಹೆಣ್ಣುಮಕ್ಕಳ ಆಸ್ತಿ ಪಾಲಿನ ಗೊಂದಲದ ಬಗ್ಗೆ ಸದನದಲ್ಲಿ ಒಂದು ಮಾತು ಎತ್ತಬಾರದೇ ಎಂದು ಕೇಳಿದೆ. ಗೋಧಿ ಹುಗ್ಗಿಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಾ, "ಅದು ಕೋರ್ಟಿನಾಗ ಐತಲ್ರಿ, ನಾವ್ ಬಾಯಿ ಹಾಕಿದ್ರ ಚಂದ ಅಲ್ಲ" ಅಂದರು. ಸರಿ, ಬಾಲ್ಯವಿವಾಹ? "ಅದಕ್ಕೂ ಕೋರ್ಟ್ ಐತಿ." ದೇವಿಗೆ ಬಿಟ್ಟು ಹೆಣ್ಣಾಗಿ ಬಾಳುವ ಜೋಗಪ್ಪಗಳದ್ದು? ಅವರು ನಕ್ಕು ಬಾಳೆ ಎಲೆ ಮಡಚಿದರು.

ಆ ಎಲೆ ಮಡಚಿದ್ದು ನನಗೆ ಇನ್ನೂ ಮರೆತಿಲ್ಲ. ಅದಕ್ಕೇ ಈ ಪತ್ರ. ಮದುವೆ, ಆಸ್ತಿ, ದೇವರ ಹೆಸರಿನ ಕಟ್ಟಳೆ, ಯಾರು ಯಾರಿಗೆ ಸಂಬಂಧಿ ಎನ್ನುವಂಥ ಜಗಳದ ವಿಷಯಗಳ ಕಾನೂನು ನಿಮ್ಮ ಸದನದಲ್ಲಿ, ನಿಮ್ಮ ಬಾಯಿಂದ, ನಮ್ಮ ಕಣ್ಣೆದುರು ಆಗಬೇಕು. ಕೋರ್ಟು ಮಾಡಲಿ, ಬೈಗುಳ ಕೋರ್ಟಿಗೆ ಹೋಗಲಿ, ಮತ ಮಾತ್ರ ನಮಗಿರಲಿ ಎಂದು ನೀವು ಕೂತರೆ ಅದರ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಎನ್ನುವುದನ್ನು ನನ್ನ ಮೇಜಿನ ಲೆಕ್ಕದಲ್ಲೇ ಹೇಳುತ್ತೇನೆ.

ಲೆಕ್ಕ ಒಂಬತ್ತು ಎಕರೆಯದು. 2016ರಲ್ಲಿ ಒಬ್ಬ ಹೆಣ್ಣುಮಗಳು ಬಂದಳು, ಜೊತೆಗೆ ಇಬ್ಬರು ಅಣ್ಣಂದಿರು. ತಾಯಿ ಮೊದಲೇ ಹೋಗಿದ್ದಳು, ತಂದೆ ತೀರಿದ್ದು 2003ರಲ್ಲಿ. ಪಿತ್ರಾರ್ಜಿತ ಒಣಬೇಸಾಯದ ಜಮೀನು, ಒಂಬತ್ತು ಎಕರೆ, ವಾಟ್ನಿ ಆಗಿರಲಿಲ್ಲ. ಆಕೆಯ ಮದುವೆ 1989ರಲ್ಲಿ. ಅಣ್ಣಂದಿರಿಗೆ ಬೇಕಾದದ್ದು ಹಕ್ಕು ಬಿಡುಗಡೆ ಪತ್ರ. ಆಕೆ ಮೇಜಿನ ಅಂಚು ಹಿಡಿದುಕೊಂಡು ನನ್ನನ್ನೇ ಕೇಳಿದಳು: "ನಂದು ಎಷ್ಟು ಬರತೈತ್ರಿ ಇದರಾಗ?"

ಈ ಪ್ರಶ್ನೆಗೆ ಉತ್ತರ ಹೇಳಬೇಕೆಂದರೆ ಸ್ವಲ್ಪ ಹಿಂದೆ ಹೋಗಬೇಕು. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಪಾಲು ಎಂದು ಕೇಂದ್ರ ಒಪ್ಪಿದ್ದು 2005ರಲ್ಲಿ. ಕರ್ನಾಟಕ ಅದಕ್ಕಿಂತ ಹದಿನೈದು ವರ್ಷ ಮೊದಲೇ, 1990ರಲ್ಲಿ, ನಿಮ್ಮದೇ ಸದನದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಮಾಡಿತ್ತು. ರಾಷ್ಟ್ರಪತಿಗಳ ಅಂಕಿತವಾಗಿ ಅದು ಜಾರಿಗೆ ಬಂದದ್ದು 1994ರ ಜುಲೈ 30ರಂದು, ನಾನು ಮೇಜು ಹಾಕಿದ ವರ್ಷವೇ. ಆದರೆ ಆ ತಿದ್ದುಪಡಿಯಲ್ಲಿ ಒಂದು ಕೊಕ್ಕೆ ಇತ್ತು. ಜಾರಿಯಾಗುವ ಮೊದಲೇ ಮದುವೆಯಾದವರಿಗೆ ಅನ್ವಯವಿಲ್ಲ. 1989ರಲ್ಲಿ ತಾಳಿ ಕಟ್ಟಿಸಿಕೊಂಡವಳು ಹೊರಗೆ. 2005ರ ಕೇಂದ್ರದ ಕಾಯ್ದೆ ಆ ಕೊಕ್ಕೆ ತೆಗೆಯಿತು, ಇನ್ನೊಂದು ಹಾಕಿತು. ಕಾಯ್ದೆ 'ಜಾರಿಯಾದ ದಿನದಿಂದ' ಮಗಳು 'ಹುಟ್ಟಿನಿಂದಲೇ' ಪಾಲುದಾರಳು ಎಂದು ಒಂದೇ ವಾಕ್ಯದಲ್ಲಿ ಬರೆದರು. ಜಾರಿಯಾದ ದಿನದಿಂದಲೋ, ಹುಟ್ಟಿನಿಂದಲೋ? ಅಷ್ಟರೊಳಗೆ ಅಪ್ಪ ಸತ್ತಿದ್ದರೆ? ಬರೆದವರು ಹೇಳಲಿಲ್ಲ. ನಾನು ಹಾಗೆ ಎರಡರ್ಥದ ವಾಕ್ಯವನ್ನು ಖರೀದಿ ಪತ್ರದಲ್ಲಿ ಬರೆದರೆ ನನ್ನ ಲೈಸೆನ್ಸು ಉಳಿಯುವುದಿಲ್ಲ.

2015ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಪ್ರಕಾಶ್ ವಿರುದ್ಧ ಫುಲವತಿ ಪ್ರಕರಣದಲ್ಲಿ ಹೇಳಿತು: 2005ರ ಸೆಪ್ಟೆಂಬರ್ 9ರಂದು ತಂದೆ ಬದುಕಿರಬೇಕು. ಆ ಪ್ರಕರಣ ಹೋದದ್ದೂ ಕರ್ನಾಟಕದಿಂದಲೇ. ಅದನ್ನು ನಂಬಿ ನಾನು ಆ ಹೆಣ್ಣುಮಗಳಿಗೆ ಲೆಕ್ಕ ಹೇಳಿದೆ. ಅಪ್ಪ 2003ರಲ್ಲೇ ತೀರಿದ್ದಾರಲ್ಲ ತಾಯಿ, ಮೊದಲು ಅಪ್ಪ ಮತ್ತು ಇಬ್ಬರು ಗಂಡುಮಕ್ಕಳಿಗೆ ಮೂರು ಮೂರು ಎಕರೆ, ಆಮೇಲೆ ಅಪ್ಪನ ಮೂರು ಎಕರೆಯಲ್ಲಿ ನಿಮಗೆ ಮೂರನೆಯ ಒಂದು. ಅಂದರೆ ಒಂದು ಎಕರೆ.

ಒಂದು ಎಕರೆಗಾಗಿ ತವರಿನ ಬಾಗಿಲು ಮುಚ್ಚಿಸಿಕೊಳ್ಳಬೇಕೇ ಎಂದು ಆಕೆ ಯೋಚಿಸಿದ್ದು ನನಗೆ ಕಂಡಿತು. ಅಣ್ಣಂದಿರು ಕೆಟ್ಟವರಲ್ಲ. ಹಿರಿಯವನು ಹೋಗಿ ಚಹಾ ತಂದ. ಆಕೆ ಬಸ್ಸಿಳಿದಾಗಲೇ ಹಸಿರು ಇಳಕಲ್ ಸೀರೆ ಕೊಡಿಸಿದ್ದರು, ಅದರ ಮಡಿಕೆ ಬಿಚ್ಚಿರಲಿಲ್ಲ. ಸಹಿ ಬಾರದು, ಎಡಗೈ ಹೆಬ್ಬೆಟ್ಟು ಒತ್ತಿದಳು. ಮಸಿ ಒರೆಸಿಕೊಳ್ಳಲು ನಾನು ಹಳೆಯ ಬಟ್ಟೆ ಕೊಟ್ಟರೆ, ಬೇಡವೆಂದು ಬೇವಿನ ಮರದ ತೊಗಟೆಗೆ ಬೆರಳು ತಿಕ್ಕಿದಳು. ಸೀರೆಗೆ ಹತ್ತಬಾರದಲ್ಲ.

2018ರ ಫೆಬ್ರವರಿಯಲ್ಲಿ ದಾನಮ್ಮ ಪ್ರಕರಣ, ಅದೂ ಕರ್ನಾಟಕದ್ದೇ. ಅಪ್ಪ 2005ಕ್ಕೆ ಮೊದಲೇ ತೀರಿದ್ದರೂ ಮಗಳಿಗೆ ಪಾಲುಂಟು ಎಂದಿತು ಅದೇ ಸುಪ್ರೀಂ ಕೋರ್ಟು. ಎರಡು ವರ್ಷ ನಾವು ಬರಹಗಾರರು, ವಕೀಲರು, ಯಾವ ತೀರ್ಪನ್ನು ಹಿಡಿಯಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಇತ್ಯರ್ಥ ಮಾಡಿದರು: ಹಕ್ಕು ಹುಟ್ಟಿನಿಂದ, ಅಪ್ಪ ಬದುಕಿರಲೇಬೇಕೆಂದಿಲ್ಲ. ಹಾಗಾದರೆ ಆ ಹೆಣ್ಣುಮಗಳದು ಒಂದು ಎಕರೆಯಲ್ಲ, ಮೂರು. ಆದರೆ ಹೆಬ್ಬೆಟ್ಟು ಬಿದ್ದು ನಾಲ್ಕು ವರ್ಷವಾಗಿತ್ತು. ನೋಂದಣಿಯಾದ ಬಿಡುಗಡೆ ಪತ್ರ ಬಿಡುಗಡೆ ಪತ್ರವೇ.

ಎರಡು ಎಕರೆ ಎಲ್ಲಿ ಹೋಯಿತು? ನಾನು ಸುಳ್ಳು ಹೇಳಿರಲಿಲ್ಲ, ಅಣ್ಣಂದಿರು ಮೋಸ ಮಾಡಿರಲಿಲ್ಲ. ಅದು ಹೋದದ್ದು ಕಾಯ್ದೆಯ ಒಂದು ವಾಕ್ಯದಲ್ಲಿ. 2015ರ ತೀರ್ಪು ಬಂದ ಮರುವಾರವೇ ಯಾವ ಸದನ ಬೇಕಾದರೂ 'ತಂದೆ ಬದುಕಿರಲಿ, ಇಲ್ಲದಿರಲಿ' ಎಂಬ ಮೂರು ಪದ ಸೇರಿಸಬಹುದಿತ್ತು. ಐದು ವರ್ಷದಲ್ಲಿ ಸೇರಿಸಲಿಲ್ಲ. ಮನಸ್ಸಿದ್ದರೆ ಎಷ್ಟು ಬೇಗ ಆಗುತ್ತದೆ ಎನ್ನುವುದಕ್ಕೆ, ತಲಾಖ್ ಕೊಟ್ಟ ಗಂಡನಿಂದ ಕೋರ್ಟಿನಲ್ಲಿ ಜೀವನಾಂಶ ಗೆದ್ದ ಶಾ ಬಾನು ಇದ್ದಾಳೆ. 1985ರ ಏಪ್ರಿಲ್‌ನಲ್ಲಿ ತೀರ್ಪು, 1986ರ ಮೇ ತಿಂಗಳಲ್ಲಿ ತೀರ್ಪಿನ ಬೆನ್ನು ಮುರಿಯುವ ಕಾಯ್ದೆ. ಹೆಣ್ಣಿನಿಂದ ಕಿತ್ತುಕೊಳ್ಳುವುದಕ್ಕೆ ಹದಿಮೂರು ತಿಂಗಳು ಸಾಕಾಯಿತು.

'ಅದು ದಿಲ್ಲಿಯ ಕೆಲಸ' ಅನ್ನುತ್ತೀರಿ, ಗೊತ್ತು. ಅಲ್ಲ. ಮದುವೆ, ವಿಚ್ಛೇದನ, ದತ್ತಕ, ವಿಲ್, ವಾರಸು, ಇವೆಲ್ಲ ಸಂವಿಧಾನದ ಏಳನೇ ಅನುಸೂಚಿಯ ಸಮವರ್ತಿ ಪಟ್ಟಿಯಲ್ಲಿವೆ (ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ಪಟ್ಟಿ), ಐದನೇ ನಮೂದು. ಕೇಂದ್ರದ ಕಾಯ್ದೆ ಇದ್ದರೂ ರಾಜ್ಯ ತನ್ನ ತಿದ್ದುಪಡಿ ಮಾಡಿ ರಾಷ್ಟ್ರಪತಿಗಳ ಅಂಕಿತ ಪಡೆದರೆ ಅದು ರಾಜ್ಯದ ಮಟ್ಟಿಗೆ ನಡೆಯುತ್ತದೆ. 1990ರಲ್ಲಿ ನಿಮ್ಮ ಹಿಂದಿನವರು ಮಾಡಿದ್ದು ಅದನ್ನೇ. ಬಾಲ್ಯವಿವಾಹದಲ್ಲಿ ಮಾಡಿದ್ದೂ ಅದನ್ನೇ. ಆ ಕಥೆ ನಮ್ಮ ಸೀಮೆಯದು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕೇಂದ್ರದ 2006ರ ಕಾಯ್ದೆ ಬಾಲ್ಯವಿವಾಹವನ್ನು ನಿಷೇಧಿಸಿತು, ಆದರೆ ಆದ ಮದುವೆಯನ್ನು ಮದುವೆ ಎಂದೇ ಇಟ್ಟಿತು. ಹುಡುಗಿ ತಾನೇ ಜಿಲ್ಲಾ ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಿಕೊಳ್ಳಬೇಕು. ತಾವರಗೇರಾದಿಂದಲೋ ಹನುಮಸಾಗರದಿಂದಲೋ ಹದಿನಾಲ್ಕು ವರ್ಷದ ಹುಡುಗಿ ಅರ್ಜಿ ಹಿಡಿದು ಕೊಪ್ಪಳದ ಕೋರ್ಟಿಗೆ ಹೋಗುವುದನ್ನು ಯಾರಾದರೂ ಕಂಡಿದ್ದೀರಾ? ರಾಜ್ಯದ ಹೈಕೋರ್ಟು ಚುಚ್ಚಿದ ಮೇಲೆ ಸರ್ಕಾರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ನಮ್ಮ ರಾಯಚೂರು ಸೀಮೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರು. 2011ರಲ್ಲಿ ವರದಿ ಬಂತು. 2016ರಲ್ಲಿ ನಿಮ್ಮ ಸದನ ತಿದ್ದುಪಡಿ ಮಾಡಿತು, 2017ರಲ್ಲಿ ಜಾರಿ: ಕರ್ನಾಟಕದಲ್ಲಿ ಇನ್ನು ಮುಂದೆ ಆಗುವ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು. ಹುಡುಗಿ ಎಲ್ಲಿಗೂ ಹೋಗಬೇಕಿಲ್ಲ. ಅದೇ ವರ್ಷದ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು, ಹದಿನೆಂಟು ತುಂಬದ ಹೆಂಡತಿಯ ಮೇಲಿನ ಬಲಾತ್ಕಾರವೂ ಬಲಾತ್ಕಾರವೇ ಎಂದು ತೀರ್ಪು ಕೊಡುವಾಗ, ಎಲ್ಲ ರಾಜ್ಯಗಳೂ ಕರ್ನಾಟಕದ ದಾರಿ ಹಿಡಿಯುವುದು ಒಳ್ಳೆಯದು ಎಂಬರ್ಥದ ಮಾತು ಬರೆಯಿತು. ಸದನ ಮುಂದೆ ನಡೆದು ಕೋರ್ಟು ಬೆನ್ನು ತಟ್ಟಿದ್ದು ಎಷ್ಟು ಸಲ ಕೇಳಿದ್ದೀರಿ? ನಿಮ್ಮದೇ ಮನೆಯ ಬಂಗಾರ ಇದು, ಪೆಟ್ಟಿಗೆಯಲ್ಲಿಟ್ಟು ಮರೆತಿದ್ದೀರಿ.

ಮರೆತದ್ದು ಯಾಕೆ ಅಂತೀನಿ ಅಂದರೆ, ಪ್ರತಿ ವರ್ಷ ಬಸವ ಜಯಂತಿ, ಅಕ್ಷಯ ತೃತೀಯೆಯ ಹೊತ್ತಿಗೆ ನನ್ನ ಮೇಜಿಗೆ ಒಂದಿಬ್ಬರು ಬರುತ್ತಾರೆ. ಮಗಳ ವಯಸ್ಸಿನ ಅಫಿಡವಿಟ್ಟು ಬೇಕು. ಶಾಲೆಯ ದಾಖಲೆ ಕಳೆದಿದೆ, ಜನನ ನೋಂದಣಿ ಮಾಡಿಸಿಲ್ಲ, ಹದಿನೆಂಟು ಅಂತ ಬರೆದುಕೊಡಿ. ನಾನು ಬರೆಯುವುದಿಲ್ಲ. ಒಂದು ಸಲ ಒಬ್ಬಾತ ಲಗ್ನಪತ್ರಿಕೆಯನ್ನೇ ನನ್ನ ಮುಂದೆ ಹಿಡಿದ. ಆಹ್ವಾನಿತರ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ದೊಡ್ಡವರ ಹೆಸರು. "ಸಾಹೇಬ್ರ ಬರಾಕತ್ತಾರ ಅಕ್ಷತಾ ಹಾಕಾಕ. ನಿಮಗೇನ್ ಬಂದೈತ್ರಿ ಬರಿಯಾಕ?"

ಸಾಹೇಬರಿಗೆ ಹುಡುಗಿಯ ವಯಸ್ಸು ಗೊತ್ತಿರಲಿಲ್ಲ ಎಂದೇ ಇಟ್ಟುಕೊಳ್ಳೋಣ. ಕೇಳಬೇಕು ಅನ್ನುವುದಾದರೂ ಗೊತ್ತಿರಬೇಕಿತ್ತಲ್ಲ. ತಾವೇ ಕೈ ಎತ್ತಿ ಒಪ್ಪಿದ ಕಾಯ್ದೆ ಅದು. ಗದ್ದಲದ ನಡುವೆ ಧ್ವನಿಮತದಿಂದ ಅಂಗೀಕಾರವಾದ ಕಾಯ್ದೆಗೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಎದ್ದು ನಿಂತು ಪರವಾಗಿ ಅರ್ಧ ಗಂಟೆ ವಾದಿಸಿದವನು, ಊರಿಗೆ ಬಂದು 'ನಾನ ಮಾಡೀನಿ ಈ ಕಾಯ್ದೆ, ನನ್ನ ಮುಂದ ಮುರಿಬ್ಯಾಡ್ರಿ' ಅನ್ನಬಲ್ಲ. ವಿರುದ್ಧ ವಾದಿಸಿದವನಾದರೂ ಸರಿ, ಅವನಿಗೆ ಕಾಯ್ದೆಯಲ್ಲಿ ಏನಿದೆ ಎಂದು ಗೊತ್ತಿರುತ್ತದೆ. ಕೋರ್ಟಿನ ತೀರ್ಪಿಗೆ ನಮ್ಮ ಓಣಿಯಲ್ಲಿ ಯಾರ ಹೆಸರೂ ಇಲ್ಲ. ಕೊಪ್ಪಳ ಬಳ್ಳಾರಿಯವರಿಗೆ ಹೈಕೋರ್ಟು ಧಾರವಾಡದಲ್ಲಿ, ರಾಯಚೂರಿನವರಿಗೆ ಕಲಬುರಗಿಯಲ್ಲಿ, ಸುಪ್ರೀಂ ಕೋರ್ಟು ಎರಡು ರಾತ್ರಿಯ ರೈಲಿನಾಚೆ. ನ್ಯಾಯಮೂರ್ತಿಗಳನ್ನು ತಡೆದು ನಿಲ್ಲಿಸಿ 'ಯಾಕ್ರೀ ಹಿಂಗ ಬರದ್ರಿ' ಅಂತ ಕೇಳಲಾಗುವುದಿಲ್ಲ, ಕೇಳಲೂ ಬಾರದು. ನಿಮ್ಮನ್ನು ಕೇಳಬಹುದು. ನೀವು ಜಾತ್ರೆಗೆ ಬರುತ್ತೀರಿ, ಮಣ್ಣಿಗೆ ಬರುತ್ತೀರಿ, ಗೋಧಿ ಹುಗ್ಗಿಗೂ ಬರುತ್ತೀರಿ.

ಇನ್ನು ಹೊಳೆಯ ಮಾತು. ತುಂಗಭದ್ರೆಯ ದಕ್ಷಿಣ ದಂಡೆಯ ಬಳ್ಳಾರಿ, ಹೊಸಪೇಟೆ 1953ರವರೆಗೆ ಮದ್ರಾಸಿನಲ್ಲಿದ್ದವು. ಉತ್ತರ ದಂಡೆಯ ಹುಲಿಗಿ, ಮುನಿರಾಬಾದು, ಕೊಪ್ಪಳ, ರಾಯಚೂರು ಎಲ್ಲ ನಿಜಾಮರದ್ದು. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಲ್ಲಿಸಬೇಕು ಎಂದು ಮದ್ರಾಸ್ ವಿಧಾನ ಪರಿಷತ್ತಿನಲ್ಲಿ ಡಾ. ಮುತ್ತುಲಕ್ಷ್ಮಿ ರೆಡ್ಡಿ ಠರಾವು ತಂದದ್ದು 1927ರಲ್ಲಿ. ವಿರೋಧ ಸಣ್ಣದಿರಲಿಲ್ಲ. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರಂಥ ದೊಡ್ಡ ಕಲಾವಿದೆಯೇ ಎದುರು ನಿಂತು, ನಮ್ಮ ಕಲೆ, ನಮ್ಮ ಮಾನ, ನಮ್ಮ ಆಸ್ತಿ ಏನಾಗಬೇಕು ಎಂದು ಮನವಿ ಕೊಟ್ಟರು. ಆ ಮಾತಿನಲ್ಲೂ ಹುರುಳಿತ್ತು. 1929ರಲ್ಲಿ ಬಂದ ಕಾಯ್ದೆ ದೇವಸ್ಥಾನದ ಸೇವೆಗೂ ಇನಾಮು ಜಮೀನಿಗೂ ಇದ್ದ ಗಂಟು ಬಿಚ್ಚಿತು. ಸೇವೆ ಬಿಟ್ಟರೂ ಭೂಮಿ ಆ ಹೆಂಗಸರ ಬಳಿ ಉಳಿಯುವ ದಾರಿಯಾಯಿತು. ಪೂರ್ತಿ ನಿಷೇಧ ಬಂದದ್ದು 1947ರಲ್ಲಿ. ಇಪ್ಪತ್ತು ವರ್ಷ ಹಿಡಿಯಿತು, ನಿಜ. ಆದರೆ ಎದುರು ನಿಂತವರ ಮಾತಿಗೂ ಕಾಯ್ದೆಯ ಪುಸ್ತಕದಲ್ಲಿ ಜಾಗ ಸಿಕ್ಕಿತು. ಕೋರ್ಟು ಒಂದು ಪದ್ಧತಿಯನ್ನು ತಪ್ಪು ಎನ್ನಬಹುದು. ತಪ್ಪು ಎಂದ ಮರುದಿನ ಆಕೆ ಏನು ಉಣ್ಣಬೇಕು ಎನ್ನುವುದಕ್ಕೆ ಭೂಮಿ ಕೊಡುವುದು, ದುಡ್ಡು ಎತ್ತಿಡುವುದು ಸದನದ ಕೈಯಲ್ಲಿದೆ.

1947ರ ಆ ಕಾಯ್ದೆ ಹೊಳೆ ದಾಟಲಿಲ್ಲ. ದಕ್ಷಿಣ ದಂಡೆಯಲ್ಲಿ ಅಪರಾಧವಾದದ್ದನ್ನು ಹರಿಗೋಲು ಹತ್ತಿ ಈಚೆ ಬಂದು ಮಾಡಬಹುದಿತ್ತು. ಇಡೀ ರಾಜ್ಯಕ್ಕೆ ಒಂದೇ ಕಾಯ್ದೆ ಬಂದದ್ದು 1982ರಲ್ಲಿ. ಅದು ಜೈಲಿನ ಮಾತನ್ನೇ ಮುಖ್ಯವಾಗಿ ಆಡಿತು, ಬದುಕಿನ ಮಾತು ಮರೆಯಿತು. 1993-94 ಮತ್ತು 2007-08ರ ಎರಡು ಸಮೀಕ್ಷೆ ಸೇರಿ ರಾಜ್ಯದಲ್ಲಿ 46,660 ಹೆಣ್ಣುಮಕ್ಕಳ ಹೆಸರು ಪಟ್ಟಿಗೆ ಬಂತು. ಪಟ್ಟಿಯಲ್ಲಿ ಹೆಸರು ಬಿಟ್ಟುಹೋದವರ ಅರ್ಜಿಗಳನ್ನು ನಾನು ಬರೆದಿದ್ದೇನೆ, ಒಬ್ಬಳಿಗೇ ನಾಲ್ಕೈದು ಸಲ. 2025ರ ಆಗಸ್ಟಿನಲ್ಲಿ ನೀವು ಹೊಸ ಮಸೂದೆ ಅಂಗೀಕರಿಸಿದಿರಿ. ಅಪ್ಪನ ಹೆಸರು ಹೇಳಲೇಬೇಕೆಂಬ ಒತ್ತಾಯದಿಂದ ಮಕ್ಕಳನ್ನು ಬಿಡಿಸುವ, ಅಪ್ಪನನ್ನು ಗುರುತಿಸಿ ಹಕ್ಕು ಕೇಳುವ ದಾರಿ ತೆರೆಯುವ ಮಸೂದೆ ಅದು. ಒಳ್ಳೆಯ ಕೆಲಸ, ಹೊಗಳಲು ನನಗೆ ಜಿಪುಣತನವಿಲ್ಲ. ಆದರೆ ನಮ್ಮ ಮೂರು ಜಿಲ್ಲೆಗಳಷ್ಟು ಈ ಪದ್ಧತಿಯ ಭಾರ ಹೊತ್ತ ಸೀಮೆಗಳು ಕಡಿಮೆ. ಆ ಮಸೂದೆಯ ಬಗ್ಗೆ ನಿಮ್ಮ ನಿಮ್ಮ ಕ್ಷೇತ್ರದಲ್ಲಿ ಒಂದು ಸಭೆಯನ್ನಾದರೂ ಮಾಡಿದ್ದೀರಾ? ಹುಣ್ಣಿಮೆಯ ದಿನ ಹುಲಿಗಿಯ ಹುಲಿಗೆಮ್ಮನ ಗುಡಿಗೆ ನೆರೆಯುವ ಜನಕ್ಕಿಂತ ದೊಡ್ಡ ಸಭೆ ನಿಮಗೆ ಎಲ್ಲಿ ಸಿಗುತ್ತದೆ?

ಹುಲಿಗಿ ಅಂದಮೇಲೆ ಜೋಗಪ್ಪಗಳ ಮಾತು. ಎಲೆ ಮಡಚಬೇಡಿ, ಕೂತು ಕೇಳಿ. ಎರಡು ವರ್ಷದ ಹಿಂದೆ ಇವರಲ್ಲೇ ಒಬ್ಬ ವಯಸ್ಸಾದ ಜೋಗತಿ ಬಂದಳು, ಜೊತೆಗೆ ಹದಿನೆಂಟು ವರ್ಷದಿಂದ ಆಕೆಯೊಡನಿದ್ದು ಅಡಿಗೆ, ಔಷಧಿ, ಕೊಡ ಹೊರುವುದು ಎಲ್ಲ ನೋಡಿಕೊಂಡ ಶಿಷ್ಯೆ. ತಗಡಿನ ಮಾಡಿನ ಒಂದು ಮನೆ ಇದೆ, ಅದನ್ನು ಇವಳಿಗೆ ದಾನಪತ್ರ ಮಾಡಿಕೊಡಬೇಕು. ಮಾರ್ಗಸೂಚಿ ದರದ ಪ್ರಕಾರ ಎಂಟು ಲಕ್ಷ. ಮಗನಿಗೋ ಸೊಸೆಗೋ ದಾನ ಕೊಟ್ಟರೆ ನಮ್ಮ ಸ್ಟಾಂಪು ಕಾಯ್ದೆಯಲ್ಲಿ ಕೆಲವೇ ಸಾವಿರದ ನಿಗದಿತ ಶುಲ್ಕ. ಕುಟುಂಬದ ಹೊರಗಿನವರಿಗಾದರೆ ಮಾರುಕಟ್ಟೆ ಬೆಲೆಯ ಶೇ. 5. ಅಂದರೆ ನಲವತ್ತು ಸಾವಿರ, ಮೇಲೆ ಉಪಕರ, ನೋಂದಣಿ ಶುಲ್ಕ. ಜೋಗತಿ ಎಂದೂ ನಲವತ್ತು ಸಾವಿರ ಒಟ್ಟಿಗೆ ನೋಡಿದವಳಲ್ಲ.

ಸಂಬಂಧ ಎಂಬ ಕಾಲಮ್ಮಿನಲ್ಲಿ ಏನು ಬರೆಯಲಿ ಎಂದು ಕೇಳಿದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ಮಗಳು ಅಂತ ಬರೀರಿ" ಎಂದಳು ಹಿರಿಯಳು. ಬರೆಯಲು ಬರುವುದಿಲ್ಲವಲ್ಲ. ಕೊನೆಗೆ ವಿಲ್ ಮಾಡಿದೆವು, ವಿಲ್ಲಿಗೆ ಸ್ಟಾಂಪು ಶುಲ್ಕವಿಲ್ಲ. ಆದರೆ ವಿಲ್ಲು ನಡೆಯುವುದು ಸತ್ತ ಮೇಲೆ, ಮತ್ತು ಸತ್ತ ದಿನವೇ ಎಲ್ಲಿಲ್ಲದ ಅಣ್ಣತಮ್ಮಂದಿರ ಮಕ್ಕಳು ಹುಟ್ಟಿಕೊಳ್ಳುತ್ತಾರೆ.

ಸುಪ್ರೀಂ ಕೋರ್ಟು 2014ರಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನು ಗುರುತಿಸಿತು. 2019ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದರಲ್ಲೂ 'ಕುಟುಂಬ' ಎಂದರೆ ರಕ್ತ, ಮದುವೆ, ದತ್ತಕ, ಅಷ್ಟೇ. 2023ರ ಅಕ್ಟೋಬರ್ 17ರಂದು ಒಂದೇ ಲಿಂಗದವರ ಮದುವೆಯ ಪ್ರಶ್ನೆ ಬಂದಾಗ ಐವರು ನ್ಯಾಯಮೂರ್ತಿಗಳು ಇದು ಶಾಸಕಾಂಗದ ಕೆಲಸ ಎಂದು ಚೆಂಡನ್ನು ನಿಮ್ಮ ಅಂಗಳಕ್ಕೆ ಎಸೆದರು. ಚೆಂಡು ಅಲ್ಲೇ ಬಿದ್ದಿದೆ. ಮದುವೆಯ ದೊಡ್ಡ ಜಗಳಕ್ಕೆ ನಿಮಗೆ ಎದೆ ಇಲ್ಲದಿದ್ದರೆ ಇರಲಿ. ಕರ್ನಾಟಕ ಸ್ಟಾಂಪು ಕಾಯ್ದೆ ಪೂರ್ತಿ ನಿಮ್ಮದು. ಅದರ ಕುಟುಂಬದ ಅರ್ಥವಿವರಣೆಗೆ 'ಇಷ್ಟು ವರ್ಷ ಒಂದೇ ಮನೆಯಲ್ಲಿ ಜೊತೆಗಿದ್ದು ಪೋಷಿಸಿದವರು' ಎಂಬ ಒಂದು ಸಾಲು ಸೇರಿಸಲು ದಿಲ್ಲಿಯ ಮುಖ ನೋಡಬೇಕಿಲ್ಲ, ಯಾವ ಧರ್ಮದವರೂ ಬೀದಿಗಿಳಿಯುವುದಿಲ್ಲ. ಜೋಗತಿಗೆ ಮಾತ್ರವಲ್ಲ, ಮಕ್ಕಳಿಲ್ಲದ ಎಷ್ಟೋ ಮುದುಕರಿಗೆ ಅದು ಬೇಕಾಗಿದೆ.

ಅದೇ ಸ್ಟಾಂಪು ಕಾಯ್ದೆಯಲ್ಲಿ ಇನ್ನೊಂದು ತಮಾಷೆ. ಕುಟುಂಬದೊಳಗಿನ ಹಕ್ಕು ಬಿಡುಗಡೆಗೂ ಶುಲ್ಕ ಅಗ್ಗ. ಅಕ್ಕತಂಗಿಯರು ಬಿಟ್ಟುಕೊಡುವುದನ್ನು ಸರ್ಕಾರವೇ ರಿಯಾಯಿತಿ ದರದಲ್ಲಿ ಮಾಡಿಸಿಕೊಡುತ್ತದೆ. ಬೇಡ ಎನ್ನುವುದಿಲ್ಲ, ಮನಸಾರೆ ಬಿಡುವವರೂ ಇದ್ದಾರೆ. ಬಿಡುವ ಮುನ್ನ ನಿನ್ನ ಪಾಲು ಇಷ್ಟು ಎಕರೆ, ಇಷ್ಟು ಗುಂಟೆ, ಸರ್ಕಾರಿ ಬೆಲೆ ಇಷ್ಟು ರೂಪಾಯಿ ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಆಕೆಯ ಕೈಗೆ ಕೊಟ್ಟು, ಓದಿ ಹೇಳಿ, ಮೂವತ್ತು ದಿನ ಮನೆಗೆ ಕಳಿಸಿ. ಆಮೇಲೂ ಬಂದು ಒತ್ತಿದರೆ ಒತ್ತಲಿ. ನನ್ನ ಕಸುಬಿಗೆ ಇದರಿಂದ ನಷ್ಟವೇ. ಹೇಳುತ್ತಿದ್ದೇನೆ ಅಷ್ಟೇ.

ಈಗ ನನ್ನ ವಿರುದ್ಧದ ಮಾತು, ಅದನ್ನೂ ನಾನೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಮಗಳು ಇದನ್ನು ಓದಿ ಮೊದಲು ಕೇಳಿದ್ದೇ ಅದನ್ನು. "ಅಪ್ಪಾ, ಸದನ ಅಂದ್ರ ಎಣಿಕಿ. ಹೆಚ್ಚು ಮಂದಿ ಇದ್ದವರ ಮಾತು. ನಾಕು ಮಂದಿ ಇರೋರು ಎಲ್ಲಿಗ ಹೋಗ್ಬೇಕು?" ಒಂದೇ ಲಿಂಗದವರ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಕಥೆ ಅವಳ ಪರವಾಗಿದೆ. 2013ರಲ್ಲಿ ಸುಪ್ರೀಂ ಕೋರ್ಟು, ಬೇಕಾದರೆ ಸಂಸತ್ತು ತಿದ್ದಲಿ ಎಂದಿತು. 2015ರ ಡಿಸೆಂಬರಿನಲ್ಲಿ ಶಶಿ ತರೂರ್ ಒಂದು ಖಾಸಗಿ ಮಸೂದೆ ಹಿಡಿದು ಎದ್ದರೆ, ಅದನ್ನು ಮಂಡಿಸಲಿಕ್ಕೇ ಬಿಡಲಿಲ್ಲ. 24 ಮತ ಪರ, 71 ವಿರುದ್ಧ. 543 ಚುನಾಯಿತ ಸ್ಥಾನಗಳ ಲೋಕಸಭೆಯಲ್ಲಿ ಓಟು ಹಾಕಲು ಕೂತಿದ್ದವರೇ ನೂರು ಮಂದಿ ಇಲ್ಲ. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಕೋರ್ಟೇ ಅದು ಅಪರಾಧವಲ್ಲ ಎಂದು ತೀರ್ಮಾನಿಸಿತು. ಆ ದಿನ ನಾನು ಕೋರ್ಟಿನ ಪರ ಇದ್ದೆ, ಇವತ್ತೂ ಇದ್ದೇನೆ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಕಿರುಕುಳಕ್ಕೆ 1997ರಲ್ಲಿ ವಿಶಾಖಾ ಪ್ರಕರಣದಲ್ಲಿ ಕೋರ್ಟು, ಸದನ ಕಾಯ್ದೆ ಮಾಡುವವರೆಗೆ ಎಂದು ತಾತ್ಕಾಲಿಕ ನಿಯಮ ಬರೆದುಕೊಟ್ಟಿತು. ಸದನ ಎಚ್ಚೆತ್ತದ್ದು 2013ರಲ್ಲಿ. ಹದಿನಾರು ವರ್ಷ ತಾತ್ಕಾಲಿಕ!

ಮಗಳಿಗೆ ನಾನು ಹೇಳಿದ್ದು ಇಷ್ಟು. ಮನೆಗೆ ಬೆಂಕಿ ಬಿದ್ದರೆ ಹಿತ್ತಲ ಗೋಡೆ ಹಾರಿ ಓಡಬೇಕು, ಅದಕ್ಕೇ ಕೋರ್ಟು ಇರಬೇಕು. ಹಾಗಂತ ತಲೆಬಾಗಿಲಿಗೆ ಬೀಗ ಜಡಿದು ದಿನಾ ಎಲ್ಲರೂ ಗೋಡೆ ಹಾರಿ ಎಂದರೆ, ಬೀಗ ಜಡಿದವನನ್ನು ಕೇಳಬೇಕೋ ಬೇಡವೋ? ಅವಳಿಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಜಗಳ ಮುಂದುವರಿದಿದೆ.

ಸದನದ ಬಾಗಿಲು ತಟ್ಟಿ ತೆರೆಸಿಕೊಳ್ಳುವುದು ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ವಿಧಿ ಯಾವ ಕೋರ್ಟೂ ಕೊಟ್ಟದ್ದಲ್ಲ. ವೈಜನಾಥ ಪಾಟೀಲರಂಥವರು ದಶಕಗಟ್ಟಲೆ ಬೀದಿಯಲ್ಲಿ ಕೂಗಿದರು, ರಾಜ್ಯದ ಸದನ ಠರಾವು ಮಾಡಿತು, 2012ರಲ್ಲಿ ಸಂಸತ್ತು ಸಂವಿಧಾನಕ್ಕೆ 98ನೇ ತಿದ್ದುಪಡಿ ಒಪ್ಪಿತು. ಇವತ್ತು ನಮ್ಮ ಹುಡುಗರು ಮೆಡಿಕಲ್ ಸೀಟಿಗೆ, ನೌಕರಿಗೆ ಆ ಪ್ರಮಾಣಪತ್ರ ಹಿಡಿದು ಹೋಗುವಾಗ ಅದನ್ನು ಯಾರೂ 'ಹೊರಗಿನವರು ಹೇರಿದ್ದು' ಅನ್ನುವುದಿಲ್ಲ. ಅದನ್ನು ತಂದವರು ಯಾರು ಎಂದು ನಿಮ್ಮ ಮೂರೂ ಪಕ್ಷದವರು ಇನ್ನೂ ಹೊಡೆದಾಡುತ್ತೀರಿ. ಹೆಣ್ಣುಮಕ್ಕಳ ಪಾಲಿನ ಕಾಯ್ದೆಯನ್ನು ತಂದವರು ನಾವು ಎಂದು ಹಾಗೆ ಹೊಡೆದಾಡಿದ್ದನ್ನು ನಾನು ನೋಡಲಿಲ್ಲ. ನೋಡಿದ ದಿನ ಎಲ್ಲರಿಗೂ ಚಹಾ ಕೊಡಿಸುತ್ತೇನೆ.

ಮುಂದಿನ ಅಧಿವೇಶನಕ್ಕೆ ಮೊದಲು ನಿಮ್ಮಲ್ಲಿ ಯಾರಾದರೂ ಒಬ್ಬರು, ಹದಿನೇಳೂ ಬೇಡ, ಒಂದು ಬೆಳಿಗ್ಗೆ ನನ್ನ ಮೇಜಿಗೆ ಬನ್ನಿ. ಹಾರ, ಫೋಟೋದವರು ಬೇಡ. ಸರ್ವರ್ ಚಾಲೂ ಇರುವ ದಿನ ನೋಡಿ ನಾನೇ ತಿಳಿಸುತ್ತೇನೆ. ಹತ್ತೂವರೆಗೆ ಜನ ಬರಲು ಶುರುವಾಗುತ್ತದೆ. ಎರಡನೇ ಕುರ್ಚಿಯಲ್ಲಿ ಕೂತು, "ನಂದು ಎಷ್ಟು ಬರತೈತ್ರಿ ಇದರಾಗ?" ಎಂದು ಕೇಳಿದವರಿಗೆ ಆ ದಿನದ ಮಟ್ಟಿಗೆ ಉತ್ತರ ನೀವು ಹೇಳಿ. ಮಸಿ ಒರೆಸುವ ಬಟ್ಟೆ ಮೇಜಿನ ಎಡಗಡೆ ಖಾನೆಯಲ್ಲಿದೆ.

ಇಂತಿ,
ಬೇವಿನ ಮರದ ಕೆಳಗಿನ ಪತ್ರ ಬರಹಗಾರ
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ